‘ಅಮ್ಮ’ ಅಂತ ನಾಲ್ಕು ಸೆಕೆಂಡಿನಲ್ಲಿ ಬರೆಯುವುದು ಹೇಗೆ

ನಾನು ಮಾಡಿದ ವಿಡಿಯೊ ನಾಲ್ಕೇ ಸೆಕೆಂಡಿನದು. ನಮ್ಮಮ್ಮ ಸ್ಲೇಟಿನ ಮೇಲೆ ಬಳಪದಲ್ಲಿ ‘ಅಮ್ಮ’ ಅಂತ ಬರೆಯುತ್ತಾರೆ. ಅವರ ಕೈ ಯಾವಾಗ ಮುಂದೆ ಹೋಗಬೇಕು, ಯಾವಾಗ ನಿಲ್ಲಬೇಕು ಅಂತ ಹೇಳುವುದು ಕಂಪ್ಯೂಟರಿನ ಸಂಕೇತ. ನೀವೂ ಮಾಡಿ ನೋಡಿ.

ಕಂಪ್ಯೂಟರು ಅಕ್ಷರಗಳನ್ನು 0 ಮತ್ತು 1ರಲ್ಲಿ ಬರೆದಿಡುವ ಒಂದು ವಿಧಾನ ಯುಟಿಎಫ್-8. ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಅಂದರೆ 24 ಬಿಟ್. ಒಂದು ಬಿಟ್ ಅಂದರೆ ಒಂದು 0 ಅಥವಾ ಒಂದು 1. ಸಿನಿಮಾಗೂ ಸೆಕೆಂಡಿಗೆ 24 ಫ್ರೇಮ್ ಅಲ್ವಾ? ಹಾಗಾಗಿ ಒಂದು ಬಿಟ್‌ಗೆ ಒಂದು ಫ್ರೇಮ್, ಒಂದು ಸಂಕೇತಕ್ಕೆ ಒಂದು ಸೆಕೆಂಡು. ಬಿಟ್ 1 ಇದ್ದರೆ ಕೈ ಒಂದು ಹೆಜ್ಜೆ ಮುಂದೆ. 0 ಇದ್ದರೆ ಹಿಂದಿನ ಫೋಟೊವೇ ಮತ್ತೊಮ್ಮೆ.

ಅ: 11100000 10110010 10000101
ಮ: 11100000 10110010 10101110
್: 11100000 10110011 10001101
ಮ: ಮೇಲಿನ ಮ ಇದ್ದ ಹಾಗೇ

ಒಂದುಗಳನ್ನು ಎಣಿಸಿ: 10, 12, 12, 12. ಒಟ್ಟು 46 ಫೋಟೊ ತೆಗೆದರೆ ಸಾಕು. ಕನ್ನಡದ ಯಾವ ಅಕ್ಷರ ತಗೊಂಡರೂ ಮೊದಲ 15 ಬಿಟ್ ಇದೇ. ಶುರುವಿನಲ್ಲೇ ಮೂರು ಹೆಜ್ಜೆ, ಐದು ನಿಲುಗಡೆ. ನೋಡ್ತಾ ನೋಡ್ತಾ ಅದು ತಾಳದ ಹಾಗೆ ಮನಸ್ಸಿಗೆ ಹಿಡಿಯುತ್ತದೆ.

ಪೆನ್ನು ಬೇಡ, ನಿಂತಲ್ಲಿ ಮಸಿ ಹರಡುತ್ತದೆ. ಬಳಪ ಎಷ್ಟು ಹೊತ್ತು ನಿಂತರೂ ಗೆರೆ ಕೆಡುವುದಿಲ್ಲ. ಮೊದಲು ಕಾಗದದಲ್ಲಿ ‘ಅ’ ಬರೆದು ಹತ್ತು ಭಾಗ ಮಾಡಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಮೊಬೈಲನ್ನು ಅಲುಗಾಡದ ಹಾಗೆ ಸ್ಲೇಟಿನ ಮೇಲೆ ನೇರವಾಗಿ ನಿಲ್ಲಿಸಿ, ಫೋಕಸ್ ಮತ್ತು ಎಕ್ಸ್‌ಪೋಶರ್ ಲಾಕ್ ಮಾಡಿ. ನಾನು ಮೊದಲ ಸಲ ಲಾಕ್ ಮಾಡಿರಲಿಲ್ಲ. ಕೈ ಬಂದಾಗಲೆಲ್ಲ ಸ್ಲೇಟಿನ ಬೆಳಕು ಬದಲಾಗಿ, 46 ಫೋಟೊನೂ ಮತ್ತೆ ತೆಗೆಯಬೇಕಾಯಿತು.

ಈಗ ಮೂರನೇ ಸೆಕೆಂಡು. ನನಗೆ ತುಂಬ ಇಷ್ಟವಾದದ್ದು ಇದೇ. ನುಡಿ ಕೀಬೋರ್ಡಿನಲ್ಲಿ ಟೈಪ್ ಮಾಡುವಾಗ ಒತ್ತಿಗೆ ಮುಂಚೆ ಎಫ್ ಕೀ ಒತ್ತುತ್ತೇವಲ್ಲ, ಆ ‘್’ ಇದು. ಕಂಪ್ಯೂಟರಿಗೆ ಇದು ಪೂರ್ತಿ ಒಂದು ಸಂಕೇತ. ಸ್ಲೇಟಿನ ಮೇಲೆ ಮಾತ್ರ ಇದಕ್ಕೆ ಗೆರೆಯೇ ಇಲ್ಲ. ‘ಮ’ ಮುಗಿಸಿದ ಕೈ ಮೇಲೆದ್ದು, ಕೆಳಗೆ ಒತ್ತಿನ ಜಾಗಕ್ಕೆ ಬರುತ್ತದೆ ನೋಡಿ, ಆ ಗಾಳಿಯ ದಾರಿಯನ್ನೇ 12 ಫೋಟೊದಲ್ಲಿ ಹಿಡಿಯಿರಿ. ಅವಸರ ಬೇಡ. ಅಮ್ಮನ ಹೆಬ್ಬೆರಳಿಗೆ ಅಂಟಿದ್ದ ಬಳಪದ ಪುಡಿ ನನಗೆ ಕಂಡದ್ದು ಆಗಲೇ.

ಫೋಟೊಗಳಿಗೆ 001ರಿಂದ 096ರವರೆಗೆ ಹೆಸರು ಕೊಡಿ. 0 ಇರುವ ಕಡೆ ಹಿಂದಿನ ಫೋಟೊವನ್ನೇ ಕಾಪಿ ಮಾಡಿ. ವಿಡಿಯೊ ಎಡಿಟ್ ಮಾಡುವ ಕೆಡೆನ್‌ಲೈವ್ ತಂತ್ರಾಂಶದಲ್ಲಿ ಪ್ರಾಜೆಕ್ಟನ್ನು ಮೊದಲೇ ಸೆಕೆಂಡಿಗೆ 24 ಫ್ರೇಮ್‌ಗೆ ಇಟ್ಟು, ಫೋಟೊಗಳನ್ನು ಇಮೇಜ್ ಸೀಕ್ವೆನ್ಸ್ ಆಗಿ, ಅಂದರೆ ಸಾಲಾಗಿ ಒಂದೇ ತುಣುಕಾಗಿ ಸೇರಿಸಿ.

ಬಳಪದ ಕರಕರ ಸದ್ದನ್ನು ಬೇರೆ ರೆಕಾರ್ಡ್ ಮಾಡಿ ಹಾಕಿ. ಮೂರನೇ ಸೆಕೆಂಡಿನಲ್ಲಿ ಮಾತ್ರ ತೆಗೆದುಬಿಡಿ. ನನ್ನ ವಿಡಿಯೊದಲ್ಲಿ ಅಲ್ಲಿ ಅಡುಗೆಮನೆ ಫ್ಯಾನಿನ ಸದ್ದಷ್ಟೇ ಇದೆ.