ಹುದ್ದೆ ನೋಡಿ ಅಲ್ಲ, ಪ್ರಶ್ನೆ ನೋಡಿ ಜೋಡಿ ಮಾಡಿ

ಕಾಲೇಜು ವಿದ್ಯಾರ್ಥಿಗಳಿಗೆ ಮೆಂಟರ್, ಅಂದರೆ ಹಿರಿಯ ಮಾರ್ಗದರ್ಶಕರನ್ನು ಜೋಡಿಸುವ ಕೆಲಸಕ್ಕೆ ಮೊದಲ ಸಲ ಕೈ ಹಾಕಿದಾಗ ನಾನು ಮಾಡಿದ ಜೋಡಿಗಳು ಕಾಗದದ ಮೇಲೆ ಬಹಳ ಚೆನ್ನಾಗಿದ್ದವು. ಹೆಚ್ಚು ಅಂಕ ತೆಗೆದ ಬಿ.ಕಾಂ. ಹುಡುಗನಿಗೆ ಎಲ್ಲರಿಗಿಂತ ದೊಡ್ಡ ಹುದ್ದೆಯ ಸಾಹೇಬರು. ಅವರ ಮೊದಲ ಫೋನ್ ಕರೆ 11 ನಿಮಿಷದಲ್ಲಿ ಮುಗಿಯಿತು. ಹುಡುಗ ಆಡಿದ ಮಾತು 'ಹೌದು ಸರ್', 'ಸರಿ ಸರ್', 'ಥ್ಯಾಂಕ್ಯೂ ಸರ್'. ಎರಡನೇ ಕರೆ ಆಗಲೇ ಇಲ್ಲ. ಅವರಿಬ್ಬರದೂ ತಪ್ಪಲ್ಲ, ಜೋಡಿ ಮಾಡಿದ ನನ್ನದು.

ಕಾಲೇಜುಗಳಲ್ಲಿ ಮೆಂಟರ್ ಎಂಬ ಪದ ಹೊಸದೇನಲ್ಲ. ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳು ಎಂದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರು ಕೇಳುತ್ತಾ ಬಂದಿದ್ದಾರೆ. ಅದಕ್ಕಾಗಿ ಮೇಷ್ಟ್ರುಗಳು ರಿಜಿಸ್ಟರ್ ತುಂಬುತ್ತಾರೆ. ನಾನು ಹೇಳುತ್ತಿರುವುದು ಆ ರಿಜಿಸ್ಟರ್ ವಿಷಯ ಅಲ್ಲ. ಹೊರಗೆ ಇಪ್ಪತ್ತು ಮೂವತ್ತು ವರ್ಷ ದುಡಿದು ಮೇಲೆ ಬಂದ ಅಧಿಕಾರಿಯೊಬ್ಬರು ಆರು ತಿಂಗಳು ಒಬ್ಬ ವಿದ್ಯಾರ್ಥಿಯ ಜೊತೆ ಮಾತಾಡುವ ವ್ಯವಸ್ಥೆ ಇದು. ನಿಮ್ಮ ಕಾಲೇಜಿನಲ್ಲೂ ಮಾಡಬಹುದು. ದುಡ್ಡು ಹೆಚ್ಚು ಬೇಡ, ಬೆನ್ನು ಹತ್ತುವ ಒಬ್ಬರು ಬೇಕು.

ಮೊದಲು ಪ್ರಶ್ನೆ

ಹೆಸರು ಕೊಡಲು ಬಂದವರ ಕೈಗೆ ಅರ್ಧ ಹಾಳೆ ಕೊಡಿ. 'ಕ್ಲಾಸಿನಲ್ಲಿ ಸಿಗದ, ಗೂಗಲ್‌ನಲ್ಲೂ ಸಿಗದ ಒಂದು ಪ್ರಶ್ನೆ ಬರೆಯಿರಿ' ಎನ್ನಿ. ಕನ್ನಡದಲ್ಲೇ ಬರೆಯಲಿ. ಮೊದಲು ಬರುವುದು 'ಲೈಫಲ್ಲಿ ಸೆಟಲ್ ಆಗೋದು ಹೇಗೆ' ಎಂಬ ಥರದ್ದು. ಅದನ್ನು ವಾಪಸ್ ಕೊಟ್ಟು ಒಂದು ವಾರ ಸಮಯ ಕೊಡಿ. ಆಮೇಲೆ ಅಸಲಿ ಪ್ರಶ್ನೆ ಬರುತ್ತದೆ. 'ಅಪ್ಪನ ದಿನಸಿ ಅಂಗಡಿ ಇದೆ. ಸಿ.ಎ.ಗೆ ಓದಲೋ, ಅಂಗಡಿಯನ್ನೇ ದೊಡ್ಡದು ಮಾಡಲೋ?' 'ಬೆಂಗಳೂರಿಗೆ ಕಳಿಸುವುದಿಲ್ಲ ಅಂತಾರೆ ಮನೆಯಲ್ಲಿ. ಊರಲ್ಲೇ ಇದ್ದು ಅಕೌಂಟ್ಸ್ ಕೆಲಸದಲ್ಲಿ ಎಲ್ಲಿಯ ತನಕ ಏರಬಹುದು?' ಹೀಗೆ ಬರೆದವರು ಮೆಂಟರ್ ಎದುರು ಸುಮ್ನೆ ಕೂರುವುದಿಲ್ಲ. ಎರಡನೇ ಸಲವೂ ಹಾಳೆ ಖಾಲಿ ಇದ್ದವರನ್ನು ಮುಂದಿನ ವರ್ಷಕ್ಕೆ ಇಡಿ. ಬೇಜಾರು ಮಾಡಿಕೊಳ್ಳುತ್ತಾರೆ, ಪರವಾಗಿಲ್ಲ.

ಹಿರಿಯರು ಎಲ್ಲಿ ಸಿಗುತ್ತಾರೆ?

ಎಲ್ಲರ ಕಣ್ಣೂ ಬೆಂಗಳೂರಿನ ಐ.ಟಿ. ಕಂಪನಿಗಳ ಮೇಲೆ. ಪಕ್ಕದ ಬೀದಿ ಕಾಣಿಸುವುದಿಲ್ಲ. ನಮ್ಮ ಕರಾವಳಿಯನ್ನೇ ನೋಡಿ. ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದ್ದು 1906ರಲ್ಲಿ. ಕರ್ಣಾಟಕ ಬ್ಯಾಂಕ್ 1924, ಸಿಂಡಿಕೇಟ್ 1925, ವಿಜಯಾ 1931. ಐದೂ ಮಂಗಳೂರು, ಉಡುಪಿ ಸೀಮೆಯವು. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮರುವರ್ಷ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ಹೋದವು. ಬೋರ್ಡು ಬದಲಾದರೂ ಆ ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದವರು ಇಲ್ಲೇ ಇದ್ದಾರೆ. ಸಂಜೆ ವಾಕಿಂಗ್ ಮಾಡುತ್ತಿರುತ್ತಾರೆ. ಸಾಲ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂದು ಆಯುಷ್ಯವಿಡೀ ಯೋಚಿಸಿದವರು ಆ ದಿನಸಿ ಅಂಗಡಿಯ ಹುಡುಗನಿಗೆ ಹೇಳುವುದು ಬೇಕಾದಷ್ಟಿದೆ, ಅಲ್ವಾ? ನಿಮ್ಮೂರಲ್ಲಿ ಸಕ್ಕರೆ ಕಾರ್ಖಾನೆ ಇರಬಹುದು, ಗಾರ್ಮೆಂಟ್ಸ್ ಇರಬಹುದು. ಹಳೆಯ ವಿದ್ಯಾರ್ಥಿಗಳ ಪಟ್ಟಿಯಂತೂ ಆಫೀಸಿನ ಕಪಾಟಿನಲ್ಲೇ ಇದೆ.

ಕರೆಯುವಾಗ 'ಮಾರ್ಗದರ್ಶನ ಮಾಡಿ' ಎಂದಷ್ಟೇ ಹೇಳಿದರೆ ಅವರು ಭಾಷಣಕ್ಕೆ ತಯಾರಾಗಿ ಬರುತ್ತಾರೆ. 'ತಿಂಗಳಿಗೊಮ್ಮೆ 45 ನಿಮಿಷ, ಆರು ತಿಂಗಳು, ಒಬ್ಬರೇ ವಿದ್ಯಾರ್ಥಿ' ಎಂದು ಲೆಕ್ಕ ಹೇಳಿ. ಕೆಲಸದಲ್ಲಿರುವ ದೊಡ್ಡ ಅಧಿಕಾರಿಯಾದರೆ ಅವರ ಪಿ.ಎ. ಹತ್ತಿರ ಆರೂ ದಿನಾಂಕ ಮೊದಲೇ ಬರೆಸಿಕೊಳ್ಳಿ. ಇಂಟರ್ನಲ್ಸ್ ಇರುವ ವಾರ ಬಿಟ್ಟುಬಿಡಿ.

ಜೋಡಿ ಮಾಡುವ ದಿನ

1962ರಲ್ಲಿ ಗೇಲ್ ಮತ್ತು ಶಾಪ್ಲಿ ಎಂಬ ಅಮೆರಿಕದ ಇಬ್ಬರು ಗಣಿತಜ್ಞರು ಜೋಡಿ ಕೂಡಿಸುವ ಒಂದು ಉಪಾಯ ಬರೆದರು. ಅಲ್ಲಿ ಹೊಸ ಡಾಕ್ಟರುಗಳಿಗೆ ಆಸ್ಪತ್ರೆ ಹಂಚುವುದು ಇದೇ ಜಾತಿಯ ಲೆಕ್ಕದಲ್ಲಿ. ಶಾಪ್ಲಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಇಪ್ಪತ್ತು ಜೋಡಿಗೆ ಕಂಪ್ಯೂಟರ್ ಬೇಡ, ಉದ್ದನೆಯ ಮೇಜು ಸಾಕು.

ಮೆಂಟರ್‌ಗಳ ಬಗ್ಗೆ ನಾಲ್ಕು ನಾಲ್ಕು ಸಾಲು ಬರೆದು ಗೋಡೆಗೆ ಅಂಟಿಸಿ. ವಿದ್ಯಾರ್ಥಿಗಳು ತಮಗೆ ಬೇಕಾದ ಮೂವರನ್ನು ಕ್ರಮವಾಗಿ ಬರೆಯಲಿ. ಮೆಂಟರ್‌ಗಳಿಗೆ ಹೆಸರಿಲ್ಲದ, ಅಂಕವಿಲ್ಲದ ಪ್ರಶ್ನೆಗಳನ್ನು ಮಾತ್ರ ಕೊಟ್ಟು ಅವರಿಂದಲೂ ಕ್ರಮ ಬರೆಸಿ. ಈಗ ಪ್ರತಿ ವಿದ್ಯಾರ್ಥಿಯ ಚೀಟಿಯನ್ನು ಅವರ ಮೊದಲ ಆಯ್ಕೆಯ ಮುಂದಿಡಿ. ಒಬ್ಬ ಮೆಂಟರ್ ಮುಂದೆ ಮೂರು ಚೀಟಿ ಬಂದರೆ, ಅವರ ಪಟ್ಟಿಯಲ್ಲಿ ಮೇಲಿರುವ ಒಂದನ್ನು ಇಟ್ಟುಕೊಂಡು ಎರಡನ್ನು ಆಯಾ ವಿದ್ಯಾರ್ಥಿಯ ಎರಡನೇ ಆಯ್ಕೆಗೆ ಸರಿಸಿ. ಅಲ್ಲಿ ಹೊಸ ಚೀಟಿಯೇ ಆ ಮೆಂಟರ್ ಪಟ್ಟಿಯಲ್ಲಿ ಮೇಲಿದ್ದರೆ ಹಳೆಯದು ಜಾಗ ಬಿಟ್ಟು ತನ್ನ ಮುಂದಿನ ಆಯ್ಕೆಗೆ ಹೋಗಬೇಕು. ಸರಿಸುವ ಚೀಟಿ ಮುಗಿಯುವ ತನಕ ಯಾವ ಜೋಡಿಯೂ ಪಕ್ಕಾ ಅಲ್ಲ. ಮೂರರಲ್ಲೂ ಜಾಗ ಸಿಗದ ಒಬ್ಬಿಬ್ಬರು ಉಳಿದರೆ ಕೂರಿಸಿ ಮಾತಾಡಿ. ಪ್ರಿನ್ಸಿಪಾಲರ ಪರಿಚಯದವರ ಮಗನಿಗೆ ಬೇಕಾದವರು ಸಿಗದಿದ್ದರೆ ಚೀಟಿ ತೋರಿಸಬಹುದು. ಇದೂ ಒಂದು ಅನುಕೂಲವೇ.

ಮೊದಲ ಮಾತು

ಮೊದಲ ಭೇಟಿ ಕಾಲೇಜಿನಲ್ಲೇ, ಎಲ್ಲ ಜೋಡಿಗಳೂ ಒಂದೇ ಹಾಲ್‌ನಲ್ಲಿ. ಆಮೇಲೆ ವಿಡಿಯೋ ಕರೆ ಆಗಲಿ, ಆಫೀಸ್ ಆಗಲಿ, ನಿಮಗೆ ತಿಳಿಸಿ ನಡೆಯಲಿ. ಮನೆಗೆ ಕರೆಯುವುದು, ರಾತ್ರಿ ಮೆಸೇಜ್ ಮಾಡುವುದು, ದುಡ್ಡಿನ ವ್ಯವಹಾರ ಬೇಡವೇ ಬೇಡ ಎಂದು ಇಬ್ಬರಿಂದಲೂ ಸಹಿ ಹಾಕಿಸಿ. ಲೈಂಗಿಕ ಕಿರುಕುಳದ ದೂರು ಕೇಳುವ ಕಾಲೇಜಿನ ಆಂತರಿಕ ದೂರು ಸಮಿತಿಯವರ ನಂಬರ್ ಅದೇ ಹಾಳೆಯಲ್ಲಿ ಇರಲಿ. ಕೆಲಸ ಕೊಡಿಸಿ ಎಂದು ಕೇಳುವಂತಿಲ್ಲ ಎಂಬುದನ್ನೂ ಸೇರಿಸಿ. ಆ ಮಾತು ಬಂದರೆ ಹಿರಿಯರು ಫೋನ್ ಎತ್ತುವುದನ್ನೇ ನಿಲ್ಲಿಸುತ್ತಾರೆ.

ಜಾಸ್ತಿ ತೊಂದರೆ ಕೊಡುವುದು ಇಂಗ್ಲಿಷ್. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡಿಕೊಂಡು ಬರುತ್ತಾರೆ, ಅದು ಮುಗಿದ ಕೂಡಲೇ ಮಾತೂ ಮುಗಿಯುತ್ತದೆ. ಆ ಹಿರಿಯರಲ್ಲಿ ಎಷ್ಟೋ ಜನ ಕನ್ನಡ ಶಾಲೆಯಲ್ಲೇ ಓದಿದವರು. 'ಮೊದಲ ಹತ್ತು ನಿಮಿಷ ಕನ್ನಡ ಅಥವಾ ತುಳುವಿನಲ್ಲೇ ಮಾತಾಡಿ, ನಿಮ್ಮ ಮೊದಲ ಕೆಲಸದಲ್ಲಿ ಮಾಡಿದ ತಪ್ಪೊಂದನ್ನು ಹೇಳಿ' ಎಂದು ಮೆಂಟರ್‌ಗಳಿಗೆ ಮೊದಲೇ ತಿಳಿಸಿಡಿ. ದೊಡ್ಡವರೂ ಎಡವಿದ್ದಾರೆ ಎಂದು ಗೊತ್ತಾದಾಗ ಹುಡುಗರು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ.

ಪ್ರತಿ ಭೇಟಿ ಆದ ಮೇಲೆ ವಿದ್ಯಾರ್ಥಿ ಮೂರು ಸಾಲು ಬರೆದು ಮೆಂಟರ್‌ಗೂ ನಿಮಗೂ ಕಳಿಸಲಿ: ಏನು ಮಾತಾಡಿದೆವು, ನಾನೇನು ಮಾಡುತ್ತೇನೆ, ಮುಂದಿನ ಭೇಟಿ ಯಾವತ್ತು. ಎರಡು ತಿಂಗಳು ಆ ಸಾಲು ಬರದಿದ್ದರೆ ಜೋಡಿ ಮುರಿದಿದೆ ಎಂದೇ ಲೆಕ್ಕ. ಯಾರನ್ನೂ ಬೈಯದೆ ಬೇರೆ ಜೋಡಿ ಮಾಡಿ. ಹೌದು ಸರ್ ಹುಡುಗನಿಗೆ ನಾನು ಹಾಗೇ ನಿವೃತ್ತ ಬ್ರಾಂಚ್ ಮ್ಯಾನೇಜರ್ ಒಬ್ಬರನ್ನು ಹುಡುಕಿದೆ. ಅವರಿಬ್ಬರ ಮಾತು ಮುಗಿಸಲು ನಾನೇ ಹೋಗಿ ಹಾಲ್‌ನ ಫ್ಯಾನ್ ಆರಿಸಬೇಕಾಯಿತು.

ಆರನೇ ತಿಂಗಳು ಸನ್ಮಾನ ಇಟ್ಟುಕೊಳ್ಳಬೇಡಿ. ಒಂದು ವರ್ಷ ನಾವು ಶಾಲು, ಹಾರ, ಸ್ವಾಗತ ಭಾಷಣ ಎಲ್ಲ ಮಾಡಿದೆವು. ಅದರಲ್ಲೇ ಒಂದೂವರೆ ಗಂಟೆ ಹೋಯಿತು, ವಿದ್ಯಾರ್ಥಿಗಳಿಗೆ ಮಾತಾಡಲು ಸಮಯವೇ ಉಳಿಯಲಿಲ್ಲ. ಈಗ ಚಹಾ ಮತ್ತು ಗೋಳಿಬಜೆ ಮಾತ್ರ. ಬಿಸಿ ಇರುವಾಗಲೇ ತರಿಸಿ.