ಇಂಚು ಟೇಪು ಹಿಡಿದು ಮೂರು ತಿಂಗಳು

ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಎಂಟು ವರ್ಷ ಓವರ್‌ಲಾಕ್ ಮೆಷಿನ್ ಮೇಲೆ ಕೂತವಳು ನಾನು. ಬೆಳಿಗ್ಗೆ ಒಂಬತ್ತಕ್ಕೆ ಸ್ಟೂಲ್ ಹತ್ತಿದರೆ ಸಂಜೆ ಐದೂವರೆಗೆ ಇಳಿಯೋದು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಬಾತ್‌ರೂಮಿಗೆ ಎದ್ದು ಹೋದರೆ ಮುಂದೆ ಪೀಸು ಗುಡ್ಡೆ ಬೀಳುತ್ತಿತ್ತು. ಮುಟ್ಟಾದ ದಿನ ಕೈ ಮೆಷಿನ್ ಮೇಲಿದ್ದರೂ ಜೀವವೆಲ್ಲ ಕೂತ ಜಾಗದಲ್ಲಿ ಇರುತ್ತಿತ್ತು. ಒಂದು ಸಲ ಪಕ್ಕದ ಮೆಷಿನ್ನಿನ ಅಕ್ಕ ಬಗ್ಗಿ ಕಿವಿಯಲ್ಲಿ ಹೇಳಿದಳು: "ಹಂಗೇ ಏಳ್ಬೇಡ ಕಣೇ, ವೇಲ್ ಸುತ್ಕೊಂಡು ಏಳು." ಆ ದಿನದ ನಾಚಿಕೆ, ಭಯ ಇನ್ನೂ ನೆನಪಿದೆ.

ಪ್ಯಾಡ್ ಸರಿಯಿಲ್ಲ ಅಂದುಕೊಂಡೆ. ದಪ್ಪನೆಯದು ತಂದೆ, ಉದ್ದದ್ದು ತಂದೆ, ರೆಕ್ಕೆ ಇರೋದು ತಂದೆ. ಕಲೆ ಆಗೋದು ನಿಲ್ಲಲಿಲ್ಲ. ತಪ್ಪು ಚಡ್ಡಿಯದು ಅಂತ ಒಂದು ದಿನವೂ ಹೊಳೆಯಲಿಲ್ಲ. ಯಾಕಂದರೆ ಆ ದಿನಗಳಿಗೆ ಅಂತಲೇ ನಾನು ಹಳೇ ಚಡ್ಡಿಗಳನ್ನು ಎತ್ತಿಡುತ್ತಿದ್ದೆ. ನಮ್ಮಮ್ಮ ಹಾಗೇ ಮಾಡುತ್ತಿದ್ದಳು, ಅಕ್ಕನೂ ಹಾಗೇ. ಹೇಗಿದ್ದರೂ ಕಲೆ ಆಗುತ್ತೆ, ಒಳ್ಳೇದನ್ನು ಯಾಕೆ ಹಾಳು ಮಾಡೋದು ಅಂತ. ನಿಮ್ಮ ಮನೆಯಲ್ಲೂ ಹೀಗೇ ಇರಬೇಕು, ಅಲ್ವಾ?

ಆಮೇಲೆ ಕೆಲಸ ಬಿಟ್ಟು ತುಮಕೂರಿಗೆ ಬಂದು ಮನೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿಯೋಕೆ ಶುರು ಮಾಡಿದೆ. ದಿನವೆಲ್ಲ ಬೇರೆಯವರ ಅಳತೆ ತೆಗೆಯೋದೇ ಕೆಲಸ. ಒಂದು ಸಂಜೆ ಲಂಗದ ಲಾಡಿ ಬಿಚ್ಚಿದಾಗ ಸೊಂಟದ ಸುತ್ತ ಕೆಂಪಗೆ ಗೆರೆ ಮೂಡಿತ್ತು. ದಿನಾ ಕಟ್ಟುವ ಗಂಟು, ದಿನಾ ಕಟ್ಟುವ ಜಾಗ. ಕೊರಳಲ್ಲಿ ಟೇಪು ಇತ್ತು, ಸುಮ್ನೆ ಅಳೆದುಕೊಂಡೆ. ಹೊಕ್ಕುಳ ಕೆಳಗೆ ಮೂವತ್ತಾರು ಇಂಚು. ಮೂರು ದಿನ ಬಿಟ್ಟು ಮುಟ್ಟಾದೆ. ಮುಟ್ಟು ನಿಂತು ಒಂದು ವಾರವಾದ ಮೇಲೆ ಅದೇ ಜಾಗದಲ್ಲಿ ಅಳೆದರೆ ಮೂವತ್ತನಾಲ್ಕೂವರೆ!

ಟೇಪು ಜಾರಿರಬೇಕು ಅಂತ ಮತ್ತೆ ಮತ್ತೆ ಅಳೆದೆ. ಜಾರಿರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಖು ಬರೆಯುತ್ತೀವಲ್ಲ, ಅದರ ಮೂಲೆಯಲ್ಲೇ ಪೆನ್ಸಿಲಿನಿಂದ ಅಳತೆ ಬರೆಯುತ್ತಾ ಹೋದೆ. ಮೂರು ತಿಂಗಳು ಬರೆದೆ. ಪ್ರತಿ ತಿಂಗಳೂ ಅದೇ ಕತೆ. ಮುಟ್ಟಿಗೆ ನಾಲ್ಕೈದು ದಿನ ಮೊದಲು ಕೆಳಹೊಟ್ಟೆ ಒಂದೂವರೆ ಇಂಚಿನ ತನಕ ಜಾಸ್ತಿ. ಸೀಟಿನ ಅಳತೆ, ಅಂದರೆ ಹಿಂಭಾಗದ ಸುತ್ತಳತೆ, ಮಾತ್ರ ಅರ್ಧ ಇಂಚೂ ಏರುತ್ತಿರಲಿಲ್ಲ.

ಆರೋಗ್ಯ ಕೇಂದ್ರದ ಡಾಕ್ಟರಮ್ಮನನ್ನು ಕೇಳಿದೆ. ಅಂಡ ಬಿಡುಗಡೆ ಆದ ಮೇಲೆ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಏರುತ್ತೆ, ಆಗ ಕರುಳಿನ ಚಲನೆ ನಿಧಾನ ಆಗಿ ಹೊಟ್ಟೆ ಉಬ್ಬುತ್ತೆ, ಮುಟ್ಟು ಹತ್ತಿರ ಬಂದಂತೆ ಮೈಯಲ್ಲಿ ನೀರೂ ನಿಲ್ಲುತ್ತೆ ಅಂದರು. ಎಲ್ಲರಿಗೂ ಒಂದೇ ಥರ ಆಗಬೇಕಂತಿಲ್ಲ. ಚಕ್ರವೂ ಎಲ್ಲರಿಗೂ 28 ದಿನ ಇರಲ್ಲ, ದೊಡ್ಡವರಲ್ಲಿ 21ರಿಂದ 35 ದಿನದವರೆಗೂ ಸಹಜವೇ. ನನಗೆ 27ರಿಂದ 29.

ಇದನ್ನು ಕೇಳಿದ ಮೇಲೆ ನನಗೆ ಅನಿಸಿದ್ದು ಇಷ್ಟು. ಮೈ ತಿಂಗಳಲ್ಲಿ ಇಷ್ಟು ಸಲ ಬದಲಾಗುವಾಗ ಒಂದೇ ಥರದ ಚಡ್ಡಿಯಲ್ಲಿ ಮೂವತ್ತು ದಿನ ಕಳೀಬೇಕು ಅಂತ ಯಾರು ಹೇಳಿದ್ದು? ಬೀರು ಬಾಗಿಲು ತೆಗೆದು ಇದ್ದಬದ್ದ ಒಳಬಟ್ಟೆಯನ್ನೆಲ್ಲ ಮಂಚದ ಮೇಲೆ ಸುರಿದೆ.

ಮೊದಲು ಕೈಗೆ ಸಿಕ್ಕಿದ್ದು ಆ 'ಮುಟ್ಟಿನ ಚಡ್ಡಿ'ಗಳೇ. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕಾಲಿನ ಸುತ್ತ ಇರುವ ಇಲಾಸ್ಟಿಕ್ ಒಳಗೆ ರಬ್ಬರ್ ಎಳೆಗಳು ಒಣ ಶಾವಿಗೆ ಮುರಿದ ಹಾಗೆ ತುಂಡಾಗಿದ್ದವು. ಎಳೆದರೆ ಬರುತ್ತೆ, ಬಿಟ್ಟರೆ ವಾಪಸ್ ಹೋಗಲ್ಲ. ಹೊಲಿಗೆಯವಳಾಗಿ ಅದನ್ನು ನೋಡಿದ ಕೂಡಲೇ ಅರ್ಥವಾಯಿತು. ಪ್ಯಾಡ್ ಕೆಲಸ ಮಾಡಬೇಕಾದರೆ ಅದು ಮೈಗೆ ತಾಗಿ ಕೂರಬೇಕು. ಚಡ್ಡಿ ಜೋಲು ಬಿದ್ದರೆ ಪ್ಯಾಡೂ ಅದರ ಜೊತೆ ಜೋಲು ಬೀಳುತ್ತೆ. ನಡುವೆ ಸಂದು ಬೀಳುತ್ತೆ. ರಕ್ತ ಪ್ಯಾಡಿಗೆ ಇಳಿಯುವ ಬದಲು ಪಕ್ಕದಿಂದ ಹರಿಯುತ್ತೆ. ಎಂಟು ವರ್ಷ ಪ್ಯಾಡಿಗೆ ಬೈದಿದ್ದೆ. ಇಡೀ ತಿಂಗಳಲ್ಲಿ ಗಟ್ಟಿ ಇಲಾಸ್ಟಿಕ್, ಸರಿಯಾದ ಅಳತೆ ಬೇಕಾಗಿದ್ದೇ ಆ ಐದು ದಿನಕ್ಕೆ. ಅವಕ್ಕೇ ನಾನು ಹಳೇದನ್ನು ಹಾಕುತ್ತಿದ್ದೆ.

ಈಗ ಆ ದಿನಗಳಿಗೆ ಅಂತ ಹೊಸದಾಗಿ ಆರು ತಗೊಂಡಿದ್ದೇನೆ. ಹೇಗೆ ಆರಿಸಿದೆ ಹೇಳುತ್ತೇನೆ. ಮೊದಲು ಎರಡು ಕಾಲಿನ ನಡುವಿನ ಡಬಲ್ ಬಟ್ಟೆಯ ಪಟ್ಟಿ ನೋಡಿದೆ. ಗಾರ್ಮೆಂಟ್ಸ್‌ನಲ್ಲಿ ನಾವು ಅದಕ್ಕೆ ಗಸೆಟ್ ಅನ್ನುತ್ತಿದ್ದೆವು. ತೀರಾ ಅಗಲ ಇದ್ದರೆ ಪ್ಯಾಡಿನ ರೆಕ್ಕೆ ಕೆಳಗೆ ಮಡಚಿ ಅಂಟಲ್ಲ, ತೀರಾ ಸಣ್ಣದಿದ್ದರೆ ಪ್ಯಾಡ್ ಎರಡೂ ಕಡೆ ಚಾಚಿಕೊಂಡು ತೊಡೆಗೆ ಉಜ್ಜುತ್ತೆ. ಮನೆಯಿಂದ ಒಂದು ಪ್ಯಾಡನ್ನು ಕಾಗದದ ಮೇಲಿಟ್ಟು ಗೆರೆ ಎಳೆದು, ಕತ್ತರಿಸಿ, ಆ ಕಾಗದವನ್ನು ಅಂಗಡಿಗೆ ತಗೊಂಡು ಹೋಗಿದ್ದೆ. ಸೇಲ್ಸ್ ಹುಡುಗಿ ವಿಚಿತ್ರವಾಗಿ ನೋಡಿದಳು. ಯಾಕೆ ಅಂತ ಹೇಳಿದ ಮೇಲೆ ಅವಳೇ ನಾಲ್ಕು ಡಬ್ಬ ಬಿಚ್ಚಿ ತೋರಿಸಿದಳು.

ಒಳಬಟ್ಟೆಗೆ ಎಕ್ಸ್‌ಚೇಂಜ್ ಇಲ್ಲ ಅಂತ ಬಹಳ ಕಡೆ ಬೋರ್ಡೇ ಹಾಕಿರುತ್ತಾರೆ. ಅದಕ್ಕೇ ಅಳತೆ ಗೊತ್ತಿಲ್ಲದೆ ಹೋಗಬೇಡಿ. ಡಬ್ಬದ ಮೇಲೆ 85, 90, 95 ಅಂತ ಇರೋದು ಸೆಂಟಿಮೀಟರ್. ಆ ಅಂಕಿ ಸೊಂಟದ್ದೋ ಸೀಟಿನದ್ದೋ ಅಂತ ಡಬ್ಬದ ಹಿಂದೆ ನೋಡಿಕೊಳ್ಳಿ, ಒಂದೊಂದು ಕಂಪನಿದು ಒಂದೊಂದು ಥರ. ಒಂದು ಸೈಜ್ ಚಿಕ್ಕದು ತಗೊಂಡರೆ ಪ್ಯಾಡ್ ಗಟ್ಟಿಯಾಗಿ ನಿಲ್ಲುತ್ತೆ ಅಂತ ನನ್ನ ಅತ್ತಿಗೆ ಹೇಳುತ್ತಾ ಇದ್ದರು. ನಾನೂ ಹಾಕಿ ನೋಡಿದೆ. ಬಸ್‌ಸ್ಟ್ಯಾಂಡಿನಿಂದ ಮನೆಗೆ ನಡೆಯೋಷ್ಟರಲ್ಲಿ ತೊಡೆಸಂದು ಕೆಂಪಾಗಿ ಉರಿ. ಇಲಾಸ್ಟಿಕ್ ತೊಡೆಯ ಮಡಿಕೆಯಲ್ಲಿ ಸುಮ್ನೆ ಕೂರಬೇಕು, ಕಚ್ಚಬಾರದು. ಕೆಳಗೆ ಒಂದು ಬೆರಳು ಆರಾಮಾಗಿ ಹೋಗುತ್ತಾ ನೋಡಿ, ಸಾಕು.

ಸೊಂಟದ ಪಟ್ಟಿ ಹೊಕ್ಕುಳಿನ ಹತ್ತಿರ ಬರುವಂಥದ್ದು ತಗೊಂಡೆ. ಲೋ ವೇಸ್ಟ್ ನೋಡೋಕೆ ಚೆಂದ. ಆದರೆ ಅದರ ಪಟ್ಟಿ ಸರಿಯಾಗಿ ಕೆಳಹೊಟ್ಟೆ ನೋಯುವ ಜಾಗದಲ್ಲೇ ಒತ್ತುತ್ತೆ. ಮುಟ್ಟಿಗೆ ಮೊದಲಿನ ಆ ಉಬ್ಬಿದ ವಾರಕ್ಕೂ ಇದೇ ಎತ್ತರದವು, ಆದರೆ ಒಂದು ಸೈಜ್ ದೊಡ್ಡವು. ಇಲಾಸ್ಟಿಕ್ ನೇರವಾಗಿ ಮೈಗೆ ತಾಗದೆ ಬಟ್ಟೆಯೊಳಗೆ ಮುಚ್ಚಿಕೊಂಡಿರಬೇಕು. ಆ ವಾರ ಒಂದು ಸೈಜ್ ಏರಿಸಿದ್ದಕ್ಕೆ ನನ್ನ ಅರ್ಧ ಸಿಡುಕು ಕಡಿಮೆಯಾಯಿತು, ನಿಜವಾಗಿಯೂ.

ಬಟ್ಟೆ ಕಾಟನ್ನೇ. ಲೇಬಲ್‌ನಲ್ಲಿ 95% ಕಾಟನ್, 5% ಎಲಾಸ್ಟೇನ್ (ಲೈಕ್ರಾ ಅನ್ನೋದೂ ಇದನ್ನೇ) ಅಂತಿದ್ದರೆ ಅದೂ ಒಳ್ಳೇದೇ, ಅಷ್ಟು ಲೈಕ್ರಾ ಇದ್ದರೆ ಬಟ್ಟೆ ಜೋಲಲ್ಲ. ಸಂತೆಯಲ್ಲಿ ಲೇಬಲ್ ಇಲ್ಲದ್ದು ತಂದರೆ ಹೊಲಿಗೆಯವರ ಹಳೇ ಪರೀಕ್ಷೆ ಮಾಡುತ್ತೇನೆ. ಒಳಗಿನ ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿ ತಾಗಿಸೋದು. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಸ್ಟರ್ ಅಥವಾ ನೈಲಾನ್. ಮದುವೆ ಮನೆಗೆ ಎರಡು ಗಂಟೆ ಹಾಕ್ಕೊಳ್ಳೋಕೆ ಅದೂ ಆಗಬಹುದು. ಆದರೆ ಅದು ಬೆವರು ಹೀರಲ್ಲ. ಸೆಕೆ, ತೇವ ಅಲ್ಲೇ ನಿಂತರೆ ತುರಿಕೆ, ಫಂಗಸ್ ಬರೋಕೆ ದಾರಿ.

ಮುಟ್ಟು ನಿಂತ ಮೇಲಿನ ದಿನಗಳಿಗೆ ದೊಡ್ಡ ಯೋಚನೆ ಬೇಕಿಲ್ಲ. ತೆಳು ಬನಿಯನ್ ಬಟ್ಟೆಯ ಸಾದಾ ಚಡ್ಡಿ ಸಾಕು. ಚಕ್ರದ ನಡುವಿನ ದಿನಗಳ ಬಗ್ಗೆ ಮಾತ್ರ ಒಂದು ವಿಷಯ ಹೇಳಲೇಬೇಕು. ಅಂಡ ಬಿಡುಗಡೆಯ ಹೊತ್ತಿಗೆ ಮೊಟ್ಟೆಯ ಬಿಳಿಯ ಹಾಗೆ ಜಾರುವ ನೀರು ಹೋಗುತ್ತೆ. ಅದು ಸಹಜ. ಆ ದಿನಗಳಿಗೆ ನಾನು ಬಿಳಿ, ಕೆನೆ, ತಿಳಿ ಗುಲಾಬಿ ಬಣ್ಣದವನ್ನೇ ಹಾಕುತ್ತೇನೆ. ಬಣ್ಣ ಬದಲಾದರೆ ಕಾಣಬೇಕು. ಮೊಸರು ಒಡೆದ ಹಾಗೆ ಹೋದರೆ, ಹಸಿರು ಬಣ್ಣ, ಕೆಟ್ಟ ವಾಸನೆ, ತುರಿಕೆ ಇದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ತೇವ ಅನಿಸಿದರೆ ದಿನವಿಡೀ ಲೈನರ್ (ತೆಳು ಪ್ಯಾಡ್) ಅಂಟಿಸಿಕೊಳ್ಳೋದಕ್ಕಿಂತ ಮಧ್ಯಾಹ್ನ ಚಡ್ಡಿ ಬದಲಾಯಿಸೋದು ನನಗೆ ಹಿಡಿಸಿತು.

ಕಪ್ಪು ಚಡ್ಡಿಯ ನಡುವೆ ಕೆಂಚು ಬಣ್ಣಕ್ಕೆ ತಿರುಗಿ ಮಾಸಿದ ಮಚ್ಚೆ ನೋಡಿ ನನ್ನ ಮಗಳು ಹೆದರಿದ್ದಳು. ಎಷ್ಟೋ ಹುಡುಗಿಯರು ಹೆದರಿ ಯಾರಿಗೂ ಹೇಳದೆ ಬಚ್ಚಿಡುತ್ತಾರೆ. ಅಲ್ಲಿನ ಸ್ರಾವ ಸ್ವಲ್ಪ ಹುಳಿ ಗುಣದ್ದು, ಹುಳಿಯನ್ನು ಅಳೆಯುವ ಪಿಎಚ್ ಲೆಕ್ಕದಲ್ಲಿ ಸುಮಾರು 3.8ರಿಂದ 4.5. ಆ ಹುಳಿಗೆ ಬಣ್ಣ ಮಾಸುತ್ತೆ, ಅಷ್ಟೇ. ಅದು ರೋಗ ಅಲ್ಲ, ಕೊಳಕೂ ಅಲ್ಲ. ಶಾಲೆಯಲ್ಲಿ ಶುಚಿ ಯೋಜನೆಯ ಪ್ಯಾಡ್ ಕೊಟ್ಟಾಗ ಮೇಡಂ ಎಲ್ಲ ಚೆನ್ನಾಗಿ ಹೇಳಿಕೊಟ್ಟಿದ್ದರಂತೆ. ಆ ಪ್ಯಾಡ್ ಅಂಟಿಸುವ ಚಡ್ಡಿ ಹೇಗಿರಬೇಕು ಅನ್ನೋದು ಮಾತ್ರ ಬಂದಿರಲಿಲ್ಲ. ಅವಳಿಗೆ ನಾನೇ ಕೂರಿಸಿಕೊಂಡು ಹೇಳಿದೆ.

ಪ್ಯಾಡ್ ಇಲ್ಲದೆ ತಾನೇ ರಕ್ತ ಹೀರುವ ಪೀರಿಯಡ್ ಪ್ಯಾಂಟಿಯನ್ನೂ ಎರಡು ತರಿಸಿದ್ದೆ. ಮೇಲೆ ತೇವ ಎಳೆದುಕೊಳ್ಳುವ ಪದರ, ನಡುವೆ ಹೀರುವ ಪದರ, ಕೆಳಗೆ ಸೋರದಂಥ ಪದರ. ಇವತ್ತೋ ನಾಳೆಯೋ ಅನ್ನೋ ದಿನಕ್ಕೆ, ಮತ್ತೆ ಕೊನೆಯ ದಿನಕ್ಕೆ ಬಹಳ ಚೆನ್ನಾಗಿದೆ. ಜಾಸ್ತಿ ಹೋಗುವ ಎರಡನೇ ದಿನ ಅದೊಂದನ್ನೇ ನಂಬಿ ಕೂರುವ ಧೈರ್ಯ ನನಗೆ ಬರಲಿಲ್ಲ. ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ಕಂಡಿಷನರ್ ಇದಕ್ಕೆ ಹಾಕಬಾರದು, ಹೀರುವ ಗುಣ ಹೋಗುತ್ತೆ. ಮಳೆಗಾಲದಲ್ಲಿ ಒಣಗೋಕೆ ಎರಡು ದಿನ ಬೇಕು.

ಒಣಗಿಸೋದರ ಬಗ್ಗೆ ನಮ್ಮ ಮನೆಯಲ್ಲಿ ಜಗಳವೇ ಆಯಿತು. ಕಲೆಯನ್ನು ತಣ್ಣೀರಲ್ಲೇ ಒಗೆಯಬೇಕು, ಬಿಸಿನೀರು ಹಾಕಿದರೆ ಕೂತುಬಿಡುತ್ತೆ ಅನ್ನೋದು ನಮ್ಮತ್ತೆಗೂ ಗೊತ್ತಿತ್ತು. ಆದರೆ ತಾರಸಿಯ ಹಗ್ಗದ ಮೇಲೆ ಹರವಿದ್ದು ಅವರಿಗೆ ಸರಿಬರಲಿಲ್ಲ. "ಗಂಡಸರು ಓಡಾಡೋ ಜಾಗ ಕಣಮ್ಮ, ಟವೆಲ್ ಅಡಿಗೆ ಹಾಕು" ಅಂದರು. "ಅತ್ತೆ, ಟವೆಲ್ ಅಡಿಗೆ ಹಾಕಿದ್ರೆ ಸಂಜೆನೂ ತಣ್ಣಗೇ ಇರುತ್ತೆ. ಅದನ್ನ ಹಾಕ್ಕೊಂಡೇ ಹೋದ ಮಳೆಗಾಲ ತುರಿಕೆ ಬಂದಿದ್ದು, ಮುಟ್ಟಿ ನೋಡಿ" ಅಂತ ಒಂದನ್ನು ಅವರ ಕೈಗೇ ಕೊಟ್ಟೆ. ಮುಟ್ಟಿ ನೋಡಿದರು. ಏನೂ ಹೇಳಲಿಲ್ಲ. ಮಾರನೇ ದಿನ ಟವೆಲನ್ನು ಅವರೇ ಪಕ್ಕಕ್ಕೆ ಸರಿಸಿದ್ದರು.

2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯ ಸಚಿವ ಸಂಪುಟ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ಹಳೇ ಲೈನಿನ ಗೆಳತಿ ಫೋನ್ ಮಾಡಿದ್ದಳು. ಗಾರ್ಮೆಂಟ್ಸ್‌ನವರಿಗೂ ಉಂಟಂತೆ ಕಣೇ ಅಂತ ಖುಷಿಯಲ್ಲಿದ್ದಳು. ನನಗೂ ಖುಷಿಯಾಯಿತು. ಉಳಿದ ನಾಲ್ಕು ದಿನ ಸ್ಟೂಲ್ ಮೇಲೇ ಕೂರಬೇಕಲ್ಲ, ಅದಕ್ಕೆ ನಿನ್ನ ಅಳತೆ ಹೇಳು ಅಂದೆ.

ಈಗ ಬ್ಲೌಸ್ ಅಳತೆಗೆ ಬರುವ ಕೆಲವರು ಬಾಗಿಲು ಮುಂದೆ ಮಾಡಿ ಮೆಲ್ಲಗೆ ಕೇಳುತ್ತಾರೆ. ಲಂಗದ ಮೇಲಿಂದಲೇ ಸೊಂಟ, ಸೀಟು ಅಳೆದು, ಎರಡು ಅಂಕಿ ಚೀಟಿಯಲ್ಲಿ ಬರೆದುಕೊಡುತ್ತೇನೆ. ಮುಟ್ಟಿಗೆ ಮೂರು ದಿನ ಇರುವಾಗ ಇನ್ನೊಂದು ಸಲ ಬನ್ನಿ ಅಂತಲೂ ಹೇಳುತ್ತೇನೆ. ಆ ಹಳೇ ಚಡ್ಡಿಗಳ ಇಲಾಸ್ಟಿಕ್ ಕತ್ತರಿಸಿ ತೆಗೆದು ಒಗೆದಿಟ್ಟಿದ್ದೇನೆ. ಮೆಷಿನ್ನಿಗೆ ಎಣ್ಣೆ ಬಿಟ್ಟ ಮೇಲೆ ಒರೆಸೋಕೆ ಅವು ಒಳ್ಳೇ ಮೆತ್ತಗೆ ಇವೆ.