ಫ್ರೀಬಿಎಸ್‌ಡಿಯನ್ನು ಸೋರ್ಸ್‌ನಿಂದ ಕಟ್ಟುವ ಮುನ್ನ: ಎಸ್‌ಆರ್‌ಸಿ.ಕಾನ್ಫ್‌ನಲ್ಲಿ ಏನು ಬರೆಯಬೇಕು, ಏನು ಬರೆಯಬಾರದು

ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮನ್ನು ಅದರ ಮೂಲ ಕೋಡಿನಿಂದ, ಅಂದರೆ ಸೋರ್ಸ್‌ನಿಂದ, ನಾವೇ ಕಟ್ಟಿಕೊಳ್ಳುವಾಗ ಯಾವ ಭಾಗ ಬೇಕು, ಯಾವುದು ಬೇಡ ಎಂದು ಹೇಳುವ ಫೈಲ್ ಎಸ್‌ಆರ್‌ಸಿ.ಕಾನ್ಫ್. ನನ್ನ ಲ್ಯಾಪ್‌ಟಾಪಿನ ಆ ಫೈಲಿನಲ್ಲಿ ಈಗ ಇರುವುದು ಐದೇ ಸಾಲು. ಒಂದು ಕಾಲದಲ್ಲಿ ಮೂವತ್ತೆಂಟು ಇದ್ದವು. ಅವುಗಳಲ್ಲಿ ಒಂದು ಹೀಗಿತ್ತು:

ವಿತೌಟ್_ಜೆಡ್‌ಎಫ್‌ಎಸ್=ನೋ

ಜೆಡ್‌ಎಫ್‌ಎಸ್ ಎಂಬುದು ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಫೈಲ್ ಸಿಸ್ಟಮ್. ಅದು ಬೇಡ ಎನ್ನುವುದು ಬೇಡ, ಅಂದರೆ ಬೇಕು ಎಂಬುದು ನನ್ನ ಲೆಕ್ಕ. ಎರಡು ನಿಷೇಧ ಸೇರಿದರೆ ಒಪ್ಪಿಗೆ ಎಂದು ಶಾಲೆಯ ವ್ಯಾಕರಣದಲ್ಲಿ ಕಲಿತದ್ದನ್ನು ನಂಬಿದ್ದೆ. ಫ್ರೀಬಿಎಸ್‌ಡಿಯನ್ನು ಕಟ್ಟುವ ಮೇಕ್ ಎಂಬ ಪ್ರೋಗ್ರಾಂಗೆ ಆ ವ್ಯಾಕರಣ ಗೊತ್ತಿಲ್ಲ. ಆಯ್ಕೆಯ ಹೆಸರು ಫೈಲಿನಲ್ಲಿದೆಯೇ ಇಲ್ಲವೇ ಎಂಬುದನ್ನಷ್ಟೇ ಅದು ನೋಡುತ್ತದೆ. ಸಮ ಚಿಹ್ನೆಯ ಬಲಕ್ಕೆ ಯೆಸ್ ಇರಲಿ, ನೋ ಇರಲಿ, ಫಾಲ್ಸ್ ಇರಲಿ, ಅದಕ್ಕೆ ಎಲ್ಲವೂ ಒಂದೇ. ಈ ಮಾತು ಎಸ್‌ಆರ್‌ಸಿ.ಕಾನ್ಫ್‌ನ ಮ್ಯಾನ್ ಪುಟದಲ್ಲೇ (ವ್ಯವಸ್ಥೆಯ ಜೊತೆಗೆ ಬರುವ ಕೈಪಿಡಿಯಲ್ಲೇ) ಇದೆ, ನಾನು ಓದಿರಲಿಲ್ಲ. ಹೊಸ ಕರ್ನೆಲ್ (ವ್ಯವಸ್ಥೆಯ ತಿರುಳು) ಜೊತೆಗೆ ಅದಕ್ಕೆ ಸೇರಿಕೊಳ್ಳುವ ಜೆಡ್‌ಎಫ್‌ಎಸ್ ತುಣುಕು, ಅಂದರೆ ಮಾಡ್ಯೂಲ್, ಬರಲಿಲ್ಲ. ನನ್ನ ರೂಟ್ ಫೈಲ್ ಸಿಸ್ಟಮ್ ಇದ್ದದ್ದೇ ಜೆಡ್‌ಎಫ್‌ಎಸ್ ಮೇಲೆ. ರೀಬೂಟ್ ಮಾಡಿದಾಗ ಯಂತ್ರವು ರೂಟ್ ಎಲ್ಲಿದೆ ಎಂದು ನನ್ನನ್ನೇ ಕೇಳುತ್ತಾ ನಿಂತಿತು.

ಆ ದಿನದಿಂದ ಇಟ್ಟುಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಓದುವ ಮುನ್ನ ಒಂದು ಸೂಚನೆ: ಆಜ್ಞೆಗಳನ್ನೂ ಆಯ್ಕೆಗಳನ್ನೂ ಉಚ್ಚರಿಸಿದಂತೆ ಕನ್ನಡದಲ್ಲಿ ಬರೆದಿದ್ದೇನೆ. ಯಂತ್ರದಲ್ಲಿ ಅವನ್ನು ರೋಮನ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ವಿತ್, ವಿತೌಟ್ ಎಂದು ಶುರುವಾಗುವ ಹೆಸರುಗಳೆಲ್ಲ ದೊಡ್ಡ ಅಕ್ಷರಗಳಲ್ಲಿರುತ್ತವೆ, ಪದಗಳ ನಡುವೆ ಅಡಿಗೆರೆ ಇರುತ್ತದೆ.

ಸೋರ್ಸ್ ತರುವ ಕೆಲಸವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಕೋಡಿನ ಆವೃತ್ತಿಗಳನ್ನು ಕಾಯ್ದಿಡುವ ಗಿಟ್ ಬಳಸಿ ನಿಮಗೆ ಬೇಕಾದ ಶಾಖೆಯನ್ನು /ಯುಎಸ್‌ಆರ್/ಎಸ್‌ಆರ್‌ಸಿ ಡೈರೆಕ್ಟರಿಗೆ ಇಳಿಸಿಕೊಳ್ಳಿ. ಗಿಟ್‌ಗೆ ಮುಂಚೆ ಅದೇ ಕೆಲಸಕ್ಕಿದ್ದ ಸಬ್‌ವರ್ಷನ್ ಬಳಸಿ ಎಂದು ಹೇಳುವ ಮಾರ್ಗದರ್ಶಿ ಕೈಗೆ ಸಿಕ್ಕರೆ ಅದು 2020ರ ಡಿಸೆಂಬರ್‌ಗಿಂತ ಹಳೆಯದು ಎಂದು ತಿಳಿಯಿರಿ. ಸೋರ್ಸ್ ಭಂಡಾರ ಗಿಟ್‌ಗೆ ಬಂದದ್ದು ಆಗ. ಅಂಥ ಬರಹದಲ್ಲಿ ಆಯ್ಕೆಗಳ ಹೆಸರುಗಳೂ ಹಳಸಿರಬಹುದು. ಕಟ್ಟಿದ ಫೈಲುಗಳು /ಯುಎಸ್‌ಆರ್/ಒಬಿಜೆ ಒಳಗೆ ಬೀಳುತ್ತವೆ. ಅಲ್ಲಿ ಹತ್ತು ಗಿಗಾಬೈಟ್‌ಗೂ ಮಿಕ್ಕಿ ಜಾಗ ಬಿಟ್ಟಿರಿ. ಸೋರ್ಸ್ ಡೈರೆಕ್ಟರಿಯಲ್ಲಿ ಅಪ್‌ಡೇಟಿಂಗ್ ಎಂಬ ಹೆಸರಿನ ಫೈಲ್ ಇರುತ್ತದೆ. ಅದರ ಮೇಲಿನ ಕೆಲವು ಪುಟಗಳನ್ನು ಪ್ರತಿ ಸಲವೂ ಓದಿ.

ಈಗ ಮುಖ್ಯ ವಿಷಯ. ಆಯ್ಕೆಗಳನ್ನು ಬರೆಯಲು ಮುಖ್ಯವಾಗಿ ಎರಡು ಫೈಲುಗಳಿವೆ, ಎರಡೂ /ಇಟಿಸಿ ಒಳಗೆ. ಎಸ್‌ಆರ್‌ಸಿ.ಕಾನ್ಫ್‌ನಲ್ಲಿ ಬರೆದದ್ದು ಆಪರೇಟಿಂಗ್ ಸಿಸ್ಟಮ್‌ನ ಸೋರ್ಸ್ ಕಟ್ಟುವಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮೇಕ್.ಕಾನ್ಫ್‌ನಲ್ಲಿ ಬರೆದದ್ದು ಆ ಯಂತ್ರದಲ್ಲಿ ಮೇಕ್ ಎಲ್ಲೆಲ್ಲಿ ಓಡುತ್ತದೆಯೋ ಅಲ್ಲೆಲ್ಲ, ಬೇರೆ ಪ್ರೋಗ್ರಾಂಗಳನ್ನು ಸೋರ್ಸ್‌ನಿಂದ ಕಟ್ಟಿಕೊಳ್ಳುವ ಪೋರ್ಟ್ಸ್ ಸಂಗ್ರಹದಲ್ಲೂ, ಅನ್ವಯಿಸುತ್ತದೆ. ಈ ವ್ಯತ್ಯಾಸ ತಿಳಿಯದೆ ಪ್ರೊಸೆಸರ್ ಬಗೆಯನ್ನು ಸೂಚಿಸುವ ಸಿಪಿಯುಟೈಪ್ ಸಾಲನ್ನು ನಾನು ಮೇಕ್.ಕಾನ್ಫ್‌ನಲ್ಲಿ ಹಾಕಿದ್ದೆ. ಮೇಜಿನ ಮೇಲಿನ ಹೊಸ ಯಂತ್ರದಲ್ಲಿ ಪೋರ್ಟ್ಸ್‌ನಿಂದ ಕಟ್ಟಿದ ಪ್ಯಾಕೇಜುಗಳನ್ನು ಹಳೆಯ ಲ್ಯಾಪ್‌ಟಾಪಿಗೆ ಒಯ್ದು ಹಾಕಿದೆ. ಅರ್ಧಕ್ಕರ್ಧ ಪ್ರೋಗ್ರಾಂಗಳು ಶುರುವಾಗುತ್ತಲೇ ಸತ್ತವು, ಆ ಹಳೆಯ ಪ್ರೊಸೆಸರ್‌ಗೆ ಅರ್ಥವಾಗದ ಸೂಚನೆಗಳು ಅವುಗಳಲ್ಲಿ ಸೇರಿಹೋಗಿದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ನಾನು ಎರಡು ದಿನ ಲ್ಯಾಪ್‌ಟಾಪಿನ ಮೆಮೊರಿಯನ್ನು ಪರೀಕ್ಷಿಸುತ್ತಾ ಕಳೆದೆ. ಯಂತ್ರ ಒಂದೇ ಇದ್ದು, ಕಟ್ಟಿದ್ದನ್ನು ಬೇರೆಡೆಗೆ ಒಯ್ಯುವುದಿಲ್ಲ ಎಂದಾದರೆ ಸಿಪಿಯುಟೈಪ್ ಹಾಕಬಹುದು. ಹಾಕುವಾಗ ಬರಿಯ ಸಮ ಚಿಹ್ನೆಯ ಬದಲು ಪ್ರಶ್ನಾರ್ಥಕದ ಜೊತೆಗಿನ ಸಮ ಚಿಹ್ನೆ (?=) ಬಳಸಿ. ಕಟ್ಟುವ ಪ್ರಕ್ರಿಯೆಗೆ ನಡುವೆ ಆ ಸಾಲಿನ ಮೌಲ್ಯವನ್ನು ತಾನೇ ಬದಲಿಸಿಕೊಳ್ಳುವ ಅಗತ್ಯ ಬೀಳುತ್ತದೆ. ನಾನಂತೂ ಆ ಸಾಲನ್ನು ತೆಗೆದು ವರ್ಷಗಳಾದವು, ವೇಗದಲ್ಲಿ ವ್ಯತ್ಯಾಸ ನನ್ನ ಕಣ್ಣಿಗೆ ಬಿದ್ದಿಲ್ಲ.

ಆಯ್ಕೆಗಳಲ್ಲಿ ಎರಡು ಜಾತಿ. ಸಾಮಾನ್ಯವಾಗಿ ಕಟ್ಟಲಾಗುವುದನ್ನು ಬಿಡಲು ವಿತೌಟ್, ಸಾಮಾನ್ಯವಾಗಿ ಬಿಡಲಾಗುವುದನ್ನು ಸೇರಿಸಲು ವಿತ್. ಯಾವ ಆಯ್ಕೆ ಏನು ಮಾಡುತ್ತದೆ ಎಂಬುದು ಮ್ಯಾನ್ ಪುಟದಲ್ಲಿದೆ. ಆದರೆ ಆ ಪಟ್ಟಿ ಉದ್ದ, ಓದುತ್ತಾ ಓದುತ್ತಾ ಕಣ್ಣು ಜಾರುತ್ತದೆ. ಜಾರಬಾರದ ಜಾಗವೆಂದರೆ, ‘ಇದನ್ನು ಹಾಕಿದರೆ ಈ ಕೆಳಗಿನವೂ ಜಾರಿಗೆ ಬರುತ್ತವೆ’ ಎಂಬ ಸಾಲು. ಒಂದು ಆಯ್ಕೆ ತನ್ನ ಜೊತೆಗೆ ಬಳಗವನ್ನೇ ಎಳೆದುಕೊಂಡು ಹೋಗುತ್ತದೆ. ನನ್ನ ಎರಡನೆಯ ಪಾಠ ಇಲ್ಲೇ ಆದದ್ದು. ಮಾನಿಟರ್ ಇಲ್ಲದೆ ಬೇರೆ ಕೋಣೆಯಲ್ಲಿ ಓಡುವ ಫೈಲ್ ಸರ್ವರ್‌ನಲ್ಲಿ ವಿತೌಟ್_ಓಪನ್‌ಎಸ್‌ಎಸ್‌ಎಲ್ ಎಂದು ಹಾಕಿದೆ. ಗೂಢಲಿಪಿಯ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ ಬೇರೆ ಆವೃತ್ತಿ ಪ್ಯಾಕೇಜಿನಿಂದ ಹೇಗೂ ಬಂದಿತ್ತಲ್ಲ ಎಂದು. ಅದರ ಜೊತೆಗೆ ದೂರದಿಂದ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಕೂಡ ಹೋಗುತ್ತದೆ ಎಂಬುದು ಗಮನಕ್ಕೆ ಬರಲಿಲ್ಲ. ಸ್ಥಾಪಿಸಿದ ಮೇಲೂ ಎಲ್ಲ ಸರಿಯಿತ್ತು, ಏಕೆಂದರೆ ಹಳೆಯ ಫೈಲುಗಳು ಇನ್ನೂ ಅಲ್ಲೇ ಇದ್ದವು. ಕೊನೆಗೆ ಕಸ ಗುಡಿಸುವ, ಅಂದರೆ ಬೇಡವಾದ ಫೈಲುಗಳನ್ನು ಅಳಿಸುವ, ಆಜ್ಞೆಯನ್ನು ಕೊಟ್ಟಾಗ ದೂರದ ಲಾಗಿನ್‌ಗೆ ಬೇಕಾದ ಪ್ರೋಗ್ರಾಂ ಅಳಿಸಿಹೋಯಿತು. ನಾನು ಆಗಲೇ ಒಳಗಿದ್ದದ್ದರಿಂದ ಅದೂ ತಿಳಿಯಲಿಲ್ಲ. ನೆಮ್ಮದಿಯಿಂದ ಹೊರಬಂದೆ. ಮತ್ತೆ ಒಳಹೋಗಲು ಮಾನಿಟರ್ ಹೊತ್ತುಕೊಂಡು ಆ ಕೋಣೆಗೆ ನಡೆಯಬೇಕಾಯಿತು.

ಹಾಗಾಗಿ ಕಟ್ಟಲು ಶುರುಮಾಡುವ ಮುನ್ನ ಈ ಪರೀಕ್ಷೆಯನ್ನು ತಪ್ಪಿಸಬೇಡಿ. ಇದಕ್ಕೆ ಬೇಕಾದದ್ದು ಒಂದು ನಿಮಿಷ. ಸೋರ್ಸ್ ಡೈರೆಕ್ಟರಿಯಲ್ಲಿ ನಿಂತು:

ಮೇಕ್ ಶೋಕಾನ್ಫಿಗ್ ಎಸ್‌ಆರ್‌ಸಿಕಾನ್ಫ್=/ಡೆವ್/ನಲ್

ಎಂದು ಕೊಟ್ಟು, ಬಂದದ್ದನ್ನು ಒಂದು ಫೈಲಿಗೆ ತುಂಬಿಸಿ. ಇದು ನಿಮ್ಮ ಎಸ್‌ಆರ್‌ಸಿ.ಕಾನ್ಫ್ ಇಲ್ಲವೇ ಇಲ್ಲ ಎಂಬಂತೆ ತೋರಿಸುವ ಪಟ್ಟಿ. ಆಮೇಲೆ ಬರಿಯ ಮೇಕ್ ಶೋಕಾನ್ಫಿಗ್ ಕೊಟ್ಟು ಇನ್ನೊಂದು ಫೈಲಿಗೆ ತುಂಬಿಸಿ. ಎರಡನ್ನೂ ವ್ಯತ್ಯಾಸ ತೋರಿಸುವ ಡಿಫ್‌ಗೆ ಕೊಡಿ. ಪ್ರತಿ ಆಯ್ಕೆಯೂ ಎಂಕೆ ಎಂಬ ಪೂರ್ವಪದದೊಂದಿಗೆ, ಯೆಸ್ ಅಥವಾ ನೋ ಎಂದು ಸ್ಪಷ್ಟವಾಗಿ ಕಾಣುತ್ತದೆ. ನೀವು ಬರೆದದ್ದು ನಾಲ್ಕು ಸಾಲು, ಬದಲಾದದ್ದು ಒಂಬತ್ತು ಎಂದಾದರೆ ಉಳಿದ ಐದು ಯಾವುವು, ಯಾರ ಬೆನ್ನು ಹಿಡಿದು ಬಂದವು ಎಂದು ಹುಡುಕಿ. ಹೆಸರಿನ ಕಾಗುಣಿತ ತಪ್ಪಾಗಿದ್ದರೂ ಇಲ್ಲೇ ಗೊತ್ತಾಗುತ್ತದೆ, ಏಕೆಂದರೆ ತಪ್ಪು ಹೆಸರಿನಿಂದ ಏನೂ ಬದಲಾಗುವುದಿಲ್ಲ. ನನ್ನ ‘ನೋ’ ಸಾಲನ್ನು ಹೀಗೆ ನೋಡಿದ್ದರೆ ಎಂಕೆ_ಜೆಡ್‌ಎಫ್‌ಎಸ್ ಎದುರಿಗೆ ನೋ ಎಂದು ಕಾಣುತ್ತಿತ್ತು.

ನನ್ನ ಐದು ಸಾಲುಗಳನ್ನು ಹೇಳುತ್ತೇನೆ, ಆದರೆ ಹಾಗೆಯೇ ನಕಲು ಮಾಡಬೇಡಿ. ನಾನು ಆ ಮೂವತ್ತೆಂಟು ಸಾಲುಗಳನ್ನು ತಂದದ್ದು ಯಾರದೋ ಪಟ್ಟಿಯಿಂದ.

ವಿತೌಟ್_ಎಲ್‌ಎಲ್‌ವಿಎಂ_ಟಾರ್ಗೆಟ್_ಆಲ್. ಐದರಲ್ಲಿ ನನಗೆ ಅತ್ಯಂತ ಹೆಚ್ಚು ಸಮಯ ಉಳಿಸಿದ್ದು ಇದು. 2014ರಲ್ಲಿ ಬಂದ 10.0 ಆವೃತ್ತಿಯಿಂದ ಎಕ್ಸ್86 ಯಂತ್ರಗಳಲ್ಲಿ ಎಲ್‌ಎಲ್‌ವಿಎಂ ಆಧರಿಸಿದ ಕ್ಲ್ಯಾಂಗೇ ವ್ಯವಸ್ಥೆಯ ಡೀಫಾಲ್ಟ್ ಕಂಪೈಲರ್, ಅಂದರೆ ಸೋರ್ಸನ್ನು ಯಂತ್ರಕ್ಕೆ ಅರ್ಥವಾಗುವ ಕೋಡ್ ಆಗಿಸುವ ಪ್ರೋಗ್ರಾಂ. ಸುಮ್ಮನೆ ಬಿಟ್ಟರೆ ಆ ಕಂಪೈಲರ್ ತನ್ನ ಯಂತ್ರಕ್ಕಲ್ಲದೆ ಆರ್ಮ್, ಪವರ್‌ಪಿಸಿ, ರಿಸ್ಕ್-ವಿ ಮುಂತಾದವುಗಳಿಗೂ ಕೋಡ್ ಉತ್ಪಾದಿಸುವ ಭಾಗಗಳ ಸಮೇತ ಕಟ್ಟಲ್ಪಡುತ್ತದೆ. ಬೇರೆ ಬಗೆಯ ಪ್ರೊಸೆಸರ್‌ಗಳಿಗಾಗಿ ನಾನು ಏನನ್ನೂ ಕಟ್ಟುವುದಿಲ್ಲ. ನೀವು ಕಟ್ಟುವವರಾದರೆ ಇದನ್ನು ಮುಟ್ಟಬೇಡಿ.

ವಿತೌಟ್_ಟೆಸ್ಟ್ಸ್. ಪರೀಕ್ಷಾ ಪ್ರೋಗ್ರಾಂಗಳನ್ನು ಬಿಡುತ್ತದೆ. ವ್ಯವಸ್ಥೆಯ ಕೋಡ್ ಬರೆಯುವವರಿಗೆ ಅವು ಬೇಕು, ನನಗೆ ಬೇಡ.

ವಿತೌಟ್_ಲಿಬ್32. 64 ಬಿಟ್ ಯಂತ್ರದಲ್ಲಿ 32 ಬಿಟ್ ಪ್ರೋಗ್ರಾಂಗಳಿಗೆಂದು ಲೈಬ್ರರಿಗಳನ್ನು ಇನ್ನೊಮ್ಮೆ ಕಟ್ಟುವುದನ್ನು ತಪ್ಪಿಸುತ್ತದೆ. ಅಂಥ ಪ್ರೋಗ್ರಾಂ ಒಂದಾದರೂ ಇದ್ದರೆ ಬೇಡ.

ವಿತೌಟ್_ಬ್ಲೂಟೂತ್. ಲ್ಯಾಪ್‌ಟಾಪಿನಲ್ಲಿ ಆ ಯಂತ್ರಾಂಶವೇ ಇಲ್ಲ. ಇದರಿಂದ ಉಳಿಯುವ ಸಮಯ ಅತ್ಯಲ್ಪ. ಅದನ್ನು ಇಟ್ಟುಕೊಂಡಿರುವುದು ಹಟಕ್ಕೆ, ಒಪ್ಪಿಕೊಳ್ಳುತ್ತೇನೆ.

ವಿತೌಟ್_ಡೀಬಗ್_ಫೈಲ್ಸ್. ಜಾಗ ಚೆನ್ನಾಗಿ ಉಳಿಯುತ್ತದೆ. ಆದರೆ ಏನಾದರೂ ಕುಸಿದುಬಿದ್ದಾಗ ಎಲ್ಲಿ ಕುಸಿಯಿತೆಂದು ಡೀಬಗರ್‌ನಲ್ಲಿ ನೋಡಲು ಹೋದರೆ ಹೆಸರಿನ ಜಾಗದಲ್ಲಿ ಬರಿಯ ವಿಳಾಸಗಳ ಅಂಕಿ ಕಾಣುತ್ತದೆ. ಸರ್ವರ್‌ನಲ್ಲಿ ಈ ಸಾಲನ್ನು ತೆಗೆದುಹಾಕಿದ್ದೇನೆ.

ಕ್ಲ್ಯಾಂಗ್ ಅನ್ನೇ ಬಿಟ್ಟರೆ ಇನ್ನೂ ಬೇಗ ಮುಗಿಯುತ್ತದಲ್ಲ ಎನ್ನಿಸಬಹುದು. ವಿತೌಟ್_ಕ್ಲ್ಯಾಂಗ್ ಎಂಬ ಆಯ್ಕೆ ಇದೆ, ನಿಜ. ಹಾಕಿ ಕಸ ಗುಡಿಸಿದ ಮೇಲೆ ಮುಂದಿನ ಸಲ ಕಟ್ಟಲು ಆ ಯಂತ್ರದಲ್ಲಿ ಕಂಪೈಲರ್ ಇರುವುದಿಲ್ಲ. ಒಂದು ಯಂತ್ರದಲ್ಲಿ ಕಟ್ಟಿ, ಎನ್‌ಎಫ್‌ಎಸ್ ಮೂಲಕ ಜಾಲದಲ್ಲಿ ಸೋರ್ಸ್ ಮತ್ತು ಒಬಿಜೆ ಡೈರೆಕ್ಟರಿಗಳನ್ನು ಹಂಚಿ, ಉಳಿದವುಗಳಲ್ಲಿ ಸ್ಥಾಪಿಸುವವರಿಗೆ ಅದು ಸರಿ. ಒಂದೇ ಯಂತ್ರ ಇರುವವರಿಗೆ ಕುಳಿತ ಕೊಂಬೆಯನ್ನೇ ಕಡಿದಂತೆ.

ಪ್ರತಿ ಸಲವೂ ಮೊದಲಿನಿಂದ ಕಟ್ಟುವುದು ಬೇಸರವಾದರೆ ಮೆಟಾ ಮೋಡ್ ಇದೆ. ಫೈಲ್‌ಮಾನ್ ಎಂಬ ಕರ್ನೆಲ್ ಮಾಡ್ಯೂಲನ್ನು ಲೋಡ್ ಮಾಡಿಕೊಂಡರೆ ಯಾವ ಫೈಲಿಗಾಗಿ ಏನೇನು ಓದಲಾಯಿತು ಎಂಬುದನ್ನು ಅದು ಗುರುತಿಟ್ಟುಕೊಂಡು, ಮುಂದಿನ ಸಲ ಬದಲಾದ ಭಾಗವನ್ನಷ್ಟೇ ಕಟ್ಟಿಸುತ್ತದೆ. ವಿತ್_ಮೆಟಾ_ಮೋಡ್ ಎಂಬ ಈ ಸಾಲನ್ನು ಎಸ್‌ಆರ್‌ಸಿ.ಕಾನ್ಫ್‌ನಲ್ಲಿ ಬರೆದರೆ ಕೆಲಸ ಮಾಡುವುದಿಲ್ಲ. ಅದಕ್ಕೆ ಎಸ್‌ಆರ್‌ಸಿ-ಎನ್ವ್.ಕಾನ್ಫ್ ಎಂಬ ಬೇರೆಯೇ ಫೈಲ್. ಇದು ಗೊತ್ತಾಗಲು ನನಗೆ ಒಂದು ಇಡೀ ಸಂಜೆ ಹಿಡಿಯಿತು.

ಕರ್ನೆಲ್ ವಿಷಯಕ್ಕೆ ಬರೋಣ. ಜೆನೆರಿಕ್ ಎಂಬ ಮೂಲ ಫೈಲನ್ನು ಪೂರ್ತಿ ನಕಲು ಮಾಡಿ ತಿದ್ದುವುದು ಹಳೆಯ ಪದ್ಧತಿ. ಹಾಗೆ ಮಾಡಿದರೆ ಮುಂದೆ ಜೆನೆರಿಕ್‌ನಲ್ಲಿ ಆಗುವ ಬದಲಾವಣೆಗಳು ನಿಮ್ಮ ನಕಲಿಗೆ ಬರುವುದಿಲ್ಲ. ಅದರ ಬದಲು ಒಂದು ಪುಟ್ಟ ಫೈಲ್ ಬರೆಯಿರಿ. ಮೊದಲ ಸಾಲು ಇನ್‌ಕ್ಲೂಡ್ ಜೆನೆರಿಕ್, ಎರಡನೆಯದು ಐಡೆಂಟ್ ಎಂದು ಬರೆದು ನಿಮ್ಮ ಕರ್ನೆಲ್ ಹೆಸರು, ಆಮೇಲೆ ಬೇಡದ್ದಕ್ಕೆ ನೋಡಿವೈಸ್, ನೋಆಪ್ಷನ್ಸ್. ಆ ಫೈಲನ್ನು ರೂಟ್‌ನ ಮನೆ ಡೈರೆಕ್ಟರಿಯಲ್ಲಿಟ್ಟು ಸೋರ್ಸ್‌ನೊಳಗಿನ ಕಾನ್ಫ್ ಡೈರೆಕ್ಟರಿಯಿಂದ ಸಿಮ್‌ಲಿಂಕ್ (ಫೈಲ್ ಇರುವ ಜಾಗವನ್ನು ತೋರಿಸುವ ಕೊಂಡಿ) ಮಾಡಿ. ಸೋರ್ಸ್ ಅಳಿಸಿ ಮತ್ತೆ ಇಳಿಸಿದರೂ ಫೈಲ್ ಉಳಿಯುತ್ತದೆ. ಕಟ್ಟುವಾಗ ಕರ್ನ್‌ಕಾನ್ಫ್ ಎಂಬ ಹೆಸರಿಗೆ ಸಮ ಚಿಹ್ನೆ ಹಾಕಿ ನಿಮ್ಮ ಫೈಲಿನ ಹೆಸರು ಕೊಡಿ. ಮಾಡ್ಯೂಲ್ಸ್_ಓವರ್‌ರೈಡ್ ಬಳಸಿ ಕೆಲವೇ ಮಾಡ್ಯೂಲುಗಳನ್ನು ಕಟ್ಟುವ ಆಸೆ ಹುಟ್ಟುತ್ತದೆ. ಪಟ್ಟಿಯಲ್ಲಿ ಬರೆಯಲು ಮರೆತ ಮಾಡ್ಯೂಲ್ ಯಾವುದೆಂದು ತಿಳಿಯುವುದು ಸಾಮಾನ್ಯವಾಗಿ ರೀಬೂಟ್ ಆದ ಮೇಲೆ.

ಆಮೇಲೆ ಕ್ರಮ: ಮೇಕ್ ಬಿಲ್ಡ್‌ವರ್ಲ್ಡ್, ಮೇಕ್ ಬಿಲ್ಡ್‌ಕರ್ನೆಲ್, ಮೇಕ್ ಇನ್‌ಸ್ಟಾಲ್‌ಕರ್ನೆಲ್, ರೀಬೂಟ್. ಹೊಸ ಕರ್ನೆಲ್ ಎದ್ದು ನಿಂತದ್ದು ಖಚಿತವಾದ ಮೇಲೆ ಸಿಂಗಲ್ ಯೂಸರ್ ಸ್ಥಿತಿಯಲ್ಲಿ ಇಟಿಸಿಅಪ್‌ಡೇಟ್ -ಪಿ, ಮೇಕ್ ಇನ್‌ಸ್ಟಾಲ್‌ವರ್ಲ್ಡ್, ಇಟಿಸಿಅಪ್‌ಡೇಟ್ -ಬಿ, ಇನ್ನೊಂದು ರೀಬೂಟ್. ವರ್ಲ್ಡ್ ಎಂದರೆ ಕರ್ನೆಲ್ ಬಿಟ್ಟು ಉಳಿದ ವ್ಯವಸ್ಥೆ. ಇಟಿಸಿಅಪ್‌ಡೇಟ್ /ಇಟಿಸಿ ಒಳಗಿನ ಫೈಲುಗಳನ್ನು ಹೊಸ ಆವೃತ್ತಿಗೆ ಹೊಂದಿಸುತ್ತದೆ. ಇಲ್ಲಿ ಪಿ ಸಣ್ಣ ಅಕ್ಷರ, ಬಿ ದೊಡ್ಡದು. ಕಟ್ಟುವ ಎರಡು ಆಜ್ಞೆಗಳಿಗೆ -ಜೆ ಸೇರಿಸಿ ಏಕಕಾಲದಲ್ಲಿ ಎಷ್ಟು ಕೆಲಸ ನಡೆಯಬೇಕೆಂದು ಹೇಳಬಹುದು. ಕೋರ್‌ಗಳ ಸಂಖ್ಯೆಯಷ್ಟು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಲ್ಯಾಪ್‌ಟಾಪಿಗೆ ನಾಲ್ಕು ಕೋರ್, ಮೆಮೊರಿ 4 ಗಿಗಾಬೈಟ್. -ಜೆ4 ಕೊಟ್ಟಾಗ ಕ್ಲ್ಯಾಂಗ್ ಕಟ್ಟುವ ಹೊತ್ತಿಗೆ ಮೆಮೊರಿ ಸಾಲದೆ ಡಿಸ್ಕ್ ಗರಗರ ಎನ್ನತೊಡಗಿತು. -ಜೆ2 ಕೊಟ್ಟಾಗ ಬೇಗ ಮುಗಿಯಿತು. ದೋಷ ಬಂದು ನಿಂತರೆ -ಜೆ ತೆಗೆದು ಮತ್ತೆ ಓಡಿಸಿ. ಹಲವು ಕೆಲಸಗಳ ಮಾತು ಒಂದರೊಳಗೊಂದು ಬೆರೆತಾಗ ನಿಜವಾದ ತಪ್ಪು ತೆರೆಯ ಕೊನೆಯಲ್ಲಿ ಇರುವುದಿಲ್ಲ, ಬಹಳ ಮೇಲೆ ಎಲ್ಲೋ ಇರುತ್ತದೆ.

ಕರ್ನೆಲ್ ಸ್ಥಾಪಿಸುವಾಗ ಹಿಂದಿನದು /ಬೂಟ್ ಒಳಗೆ ಕರ್ನೆಲ್.ಓಲ್ಡ್ ಆಗಿ ಉಳಿಯುತ್ತದೆ. ಜೆಡ್‌ಎಫ್‌ಎಸ್ ಕಳೆದುಕೊಂಡ ದಿನ ನನ್ನನ್ನು ಉಳಿಸಿದ್ದು ಅದು. ಬೂಟ್ ಲೋಡರ್‌ನ ಮೆನುವಿನಲ್ಲಿ ಕರ್ನೆಲ್ ಬದಲಿಸಿ ಹಳೆಯದನ್ನು ಆರಿಸಿದೆ, ಯಂತ್ರ ಎದ್ದಿತು. ಆದರೆ ಅರೆಬರೆ ಓಡುತ್ತಿರುವ ಹೊಸ ಕರ್ನೆಲ್‌ನಲ್ಲೇ ಕುಳಿತು ಮತ್ತೊಮ್ಮೆ ಸ್ಥಾಪಿಸಿದರೆ ಕೆಟ್ಟದ್ದೇ ‘ಓಲ್ಡ್’ ಆಗಿಬಿಡುತ್ತದೆ, ಒಳ್ಳೆಯದು ಹೋಗಿಬಿಡುತ್ತದೆ. ಅದಕ್ಕೇ ಸರಿಯಾಗಿ ಓಡುವ ಕರ್ನೆಲ್ ಡೈರೆಕ್ಟರಿಯನ್ನು ಬೇರೆ ಹೆಸರಿನಲ್ಲಿ ನಕಲು ಮಾಡಿ ಇಟ್ಟಿದ್ದೇನೆ. ರೂಟ್ ಜೆಡ್‌ಎಫ್‌ಎಸ್ ಮೇಲಿದ್ದರೆ ಇನ್ನೂ ಒಳ್ಳೆಯ ದಾರಿ ಇದೆ: ಸ್ಥಾಪಿಸುವ ಮುನ್ನ ಬಿಇಸಿಟಿಎಲ್ ಕ್ರಿಯೇಟ್ ಎಂದು ಕೊಟ್ಟು ಬೂಟ್ ಎನ್ವಿರಾನ್ಮೆಂಟ್ (ವ್ಯವಸ್ಥೆಯ ಆಗಿನ ಸ್ಥಿತಿಯ ಪ್ರತಿ) ಒಂದನ್ನು ಮಾಡಿಕೊಳ್ಳಿ. ಕೆಟ್ಟರೆ ಕರ್ನೆಲ್ ಮಾತ್ರವಲ್ಲ, ಇಡೀ ವ್ಯವಸ್ಥೆಯೇ ಹಿಂದಿನ ಸ್ಥಿತಿಗೆ ಮರಳುತ್ತದೆ.

ಉಳಿದದ್ದು ಕಸ ಗುಡಿಸುವುದು. ಮೇಕ್ ಡಿಲೀಟ್-ಓಲ್ಡ್ ಹಳೆಯದಾದ ಫೈಲುಗಳ ಜೊತೆಗೆ ನೀವು ವಿತೌಟ್ ಎಂದದ್ದರ ಫೈಲುಗಳನ್ನೂ ಅಳಿಸುತ್ತದೆ. ಮೊದಲು ಮೇಕ್ ಚೆಕ್-ಓಲ್ಡ್ ಕೊಡಿ, ಅದು ಪಟ್ಟಿಯನ್ನು ತೋರಿಸುತ್ತದೆ, ಏನನ್ನೂ ಮುಟ್ಟುವುದಿಲ್ಲ. ಆ ಪಟ್ಟಿಯಲ್ಲಿ ದೂರದ ಲಾಗಿನ್‌ಗೆ ಬೇಕಾದ ಎಸ್‌ಎಸ್‌ಎಚ್‌ಡಿ ಎಂಬ ಹೆಸರು ಕಂಡರೆ ಅಲ್ಲೇ ನಿಲ್ಲಿಸಿ. ದೂರದ ಯಂತ್ರವಾದರೆ ಅಳಿಸಿದ ಮೇಲೆ ಇರುವ ಲಾಗಿನ್ ಮುಚ್ಚದೆ ಇನ್ನೊಂದು ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗಿ ನೋಡಿ. ಹಳೆಯ ಲೈಬ್ರರಿಗಳಿಗೆ ಬೇರೆ ಆಜ್ಞೆ, ಡಿಲೀಟ್-ಓಲ್ಡ್-ಲಿಬ್ಸ್. ನೀವು ಹಾಕಿಕೊಂಡ ಪ್ಯಾಕೇಜುಗಳು ಅವನ್ನೇ ನೆಚ್ಚಿಕೊಂಡಿರಬಹುದು, ಆದ್ದರಿಂದ ಪ್ಯಾಕೇಜುಗಳನ್ನೆಲ್ಲ ನವೀಕರಿಸಿದ ಮೇಲೆಯೇ ಅದನ್ನು ಓಡಿಸಿ.